ಚಿಂದಿಯುಟ್ಟವರಿಗೆ ಕಲ್ಲಿನ ವಿಹಾರ

ಕ್ರಿಸ್ತಶಕ 850ರ ಸುಮಾರು ಎಂದೊಡನೆ ಕನ್ನಡ ಓದಿದವರ ಮನಸ್ಸು ಮಾನ್ಯಖೇಟದ ಕಡೆಗೆ ಹರಿಯುವುದು ಸಹಜ. ನೃಪತುಂಗನ ಆಸ್ಥಾನದಲ್ಲಿ ಆಗ ‘ಕವಿರಾಜಮಾರ್ಗ’ ರೂಪುಗೊಳ್ಳುತ್ತಿದ್ದಿತು. 814ರಿಂದ 878ರವರೆಗೆ ಆಳಿದ ಆ ದೊರೆ ಕೊನೆಗಾಲದಲ್ಲಿ ವಿವೇಕದಿಂದ ರಾಜ್ಯವನ್ನು ತೊರೆದನೆಂದು ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಮುಕ್ತಾಯ ಹೇಳುತ್ತದೆ. ಅದೇ ದಶಕಗಳಲ್ಲಿ ಕಡಲಿನಾಚೆಯ ಸಿಂಹಳದಲ್ಲಿ ಇನ್ನೊಬ್ಬ ದೊರೆ ಇದ್ದನು. ಒಂದನೆಯ ಸೇನ ಎಂದು ಅವನ ಹೆಸರು. 833ರಿಂದ 853ರವರೆಗೆ ಅವನ ಆಳ್ವಿಕೆ. ಅವನು ತಾನು ರಾಜ್ಯ ಬಿಡಲಿಲ್ಲ. ಎಲ್ಲವನ್ನೂ ಬಿಟ್ಟು ಕಾಡು ಸೇರಿದ ಭಿಕ್ಷುಗಳಿಗೆ ಕಾಡಿನಲ್ಲಿಯೇ ಒಂದು ಮಹಾವಿಹಾರವನ್ನು ಕಟ್ಟಿಸಿಕೊಟ್ಟನು. ಹುಡುಗರಿಗೆ ಹಳಗನ್ನಡ ಪಾಠ ಹೇಳುವಾಗ ನೃಪತುಂಗನ ಕಾಲದ ಜಗತ್ತು ಹೇಗಿದ್ದಿತೆಂದು ವಿವರಿಸುವ ಸಂದರ್ಭ ನನಗೆ ವರ್ಷವರ್ಷವೂ ಬರುತ್ತದೆ. ಆ ಕಾಲದ ಈ ಇನ್ನೊಂದು ಮುಖವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಬಹುಕಾಲದಿಂದ ಇದ್ದಿತು. ಕಳೆದ ಬೇಸಗೆಯ ರಜೆಯಲ್ಲಿ ಅದು ಕೈಗೂಡಿತು.

ಆ ವಿಹಾರ ಇರುವ ಬೆಟ್ಟದ ಇಂದಿನ ಹೆಸರು ರಿಟಿಗಲ. ಅನುರಾಧಪುರದಿಂದ ಆಗ್ನೇಯಕ್ಕೆ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದೂರದಲ್ಲಿ, ಚಪ್ಪಟೆಯಾದ ಒಣಬಯಲಿನ ನಡುವೆ, ಅದು ತಟಕ್ಕನೆ ಎದ್ದು ನಿಂತಿದೆ. ಎತ್ತರ 766 ಮೀಟರು. ನಮ್ಮ ಸಹ್ಯಾದ್ರಿಯವರಿಗೆ ಇದು ಗುಡ್ಡವೆನಿಸೀತು. ಸುತ್ತಲ ಬಯಲಿನವರಿಗೆ ಇದೇ ಪರ್ವತ. ಕೆಳಗೆ ನೆಲ ಬಿರಿದಿರುವ ದಿನಗಳಲ್ಲಿಯೂ ನೆತ್ತಿಯ ಮೇಲೆ ಮೋಡ ಕವಿದು ತಂಪಾಗಿರುತ್ತದೆ. ಬಯಲಿನಲ್ಲಿ ಬೆಳೆಯದ ಗಿಡಮರಗಳು ಅಲ್ಲಿ ಬೆಳೆಯುತ್ತವೆ. ಜನ ಇದಕ್ಕೊಂದು ಕಾರಣ ಹೇಳುತ್ತಾರೆ: ಸಂಜೀವಿನಿಯ ಪರ್ವತವನ್ನು ಹೊತ್ತು ತರುತ್ತಿದ್ದ ಹನುಮಂತನ ಕೈಯಿಂದ ಒಂದು ತುಣುಕು ಜಾರಿ ಬಿದ್ದದ್ದೇ ಈ ಬೆಟ್ಟವಂತೆ. ಬೌದ್ಧರ ನಾಡಿನಲ್ಲಿ ನಮ್ಮ ಹನುಮಂತನ ಹೆಜ್ಜೆ ಹೀಗೆ ಉಳಿದುಕೊಂಡಿದೆ.

ಪಾಲಿ ಗ್ರಂಥಗಳಲ್ಲಿ ಇದರ ಹೆಸರು ‘ಅರಿಟ್ಠ ಪಬ್ಬತ’, ಅಂದರೆ ಅರಿಷ್ಟ ಪರ್ವತ. ಅರಿಷ್ಟವೆಂದರೆ ಕೇಡು ಎಂದಷ್ಟೇ ನಮಗೆ ರೂಢಿ. ಸಂಸ್ಕೃತದಲ್ಲಿ ಆ ಮಾತಿಗೆ ಕೇಡಿಲ್ಲದ್ದು, ಸುರಕ್ಷಿತವಾದದ್ದು ಎಂಬ ವಿರುದ್ಧಾರ್ಥವೂ ಉಂಟು. ಈ ಬೆಟ್ಟದ ಚರಿತ್ರೆಗೆ ಎರಡನೆಯ ಅರ್ಥವೇ ಒಪ್ಪುವಂತಿದೆ. ಸೋದರಮಾವಂದಿರೊಡನೆ ಹೋರಾಡಿ ಅನುರಾಧಪುರದ ಸಿಂಹಾಸನವನ್ನೇರಿದ ಪಂಡುಕಾಭಯನು ಅದಕ್ಕೆ ಮೊದಲು ಏಳು ವರ್ಷ ಅರಿಟ್ಠ ಪರ್ವತದಲ್ಲಿ ನೆಲೆಸಿದ್ದನೆಂದು ‘ಮಹಾವಂಸ’ ಹೇಳುತ್ತದೆ. ಇದು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಮಾತು. ಅನಂತರ ಭಿಕ್ಷುಗಳು ಬಂದರು. ಬಂಡೆಗಳ ಕೆಳಗಿನ ಗವಿಗಳೇ ಅವರ ಮೊದಲ ಮನೆಗಳಾದವು. ಲಂಜತಿಸ್ಸನೆಂಬ ಅರಸನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಲ್ಲಿ ಅರಿಟ್ಠ ವಿಹಾರವನ್ನು ಮಾಡಿಸಿದನೆಂದು ಅದೇ ಗ್ರಂಥದಿಂದ ತಿಳಿಯುತ್ತದೆ. ಹೀಗೆ ಸೇನರಾಜನ ಹೊತ್ತಿಗೆ ಆ ಬೆಟ್ಟಕ್ಕೆ ತಪಸ್ವಿಗಳ ಪಾದಸ್ಪರ್ಶವಾಗಿ ಸುಮಾರು ಒಂದು ಸಾವಿರ ವರ್ಷಗಳಾಗಿದ್ದವು.

ಸೇನರಾಜನು ವಿಹಾರವನ್ನು ಕಟ್ಟಿಸಿದ್ದು ‘ಪಾಂಸುಕೂಲಿಕ’ರೆಂಬ ಭಿಕ್ಷುಗಳಿಗೆ. ಪಾಂಸು ಎಂದರೆ ಧೂಳು. ಕೂಲವೆಂದರೆ ದಿಬ್ಬ, ರಾಶಿ. ಧೂಳಿನ ರಾಶಿಯಲ್ಲಿ, ಕಸದ ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಜನರು ಎಸೆದ ಬಟ್ಟೆಯ ಚೂರುಗಳನ್ನು ಆಯ್ದು, ಒಗೆದು, ಹೊಲಿದು, ಅದನ್ನೇ ಚೀವರವಾಗಿ ಉಡುವ ವ್ರತ ಅವರದು. ಐದನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ಕುಳಿತು ‘ವಿಸುದ್ಧಿಮಗ್ಗ’ವನ್ನು ಬರೆದ ಬುದ್ಧಘೋಷನು ಇಂಥ ಹದಿಮೂರು ಕಠಿನ ವ್ರತಗಳನ್ನು ವಿವರಿಸುತ್ತಾನೆ. ಅವುಗಳಲ್ಲಿ ಮೊದಲನೆಯದೇ ಇದು. ಮನೆಮನೆಗೆ ಹೋಗಿ ಸಿಕ್ಕಿದ ಅನ್ನವನ್ನಷ್ಟೇ ಉಣ್ಣುವುದು, ಮರದ ಬುಡದಲ್ಲಿ ಇರುವುದು, ಎಂದೂ ಮಲಗದೆ ಕುಳಿತೇ ರಾತ್ರಿ ಕಳೆಯುವುದು ಮೊದಲಾದವು ಉಳಿದವು. ಅರಣ್ಯವಾಸದ ವ್ರತ ಹಿಡಿದವನ ನೆಲೆ ಊರಿನಿಂದ ಕನಿಷ್ಠ ಐನೂರು ಬಿಲ್ಲಿನಷ್ಟು ದೂರವಿರಬೇಕೆಂದು ಅಲ್ಲಿ ಲೆಕ್ಕವನ್ನೂ ಕೊಟ್ಟಿದೆ. ಈ ಲೆಕ್ಕವನ್ನು ಗಮನಿಸಬೇಕು. ಊರಿನ ಗದ್ದಲ ಕೇಳಿಸದಷ್ಟು ದೂರ. ಆದರೆ ಬೆಳಗ್ಗೆ ಎದ್ದು ಹೋಗಿ ಭಿಕ್ಷೆ ಬೇಡಿಕೊಂಡು ಹೊತ್ತೇರುವುದರೊಳಗೆ ಹಿಂದಿರುಗಬಹುದಾದಷ್ಟು ಹತ್ತಿರ. ಊರಿಲ್ಲದೆ ಅರಣ್ಯವಾಸಿ ಇಲ್ಲ ಎಂಬುದನ್ನು ಶಾಸ್ತ್ರಕಾರರು ಮರೆತಿರಲಿಲ್ಲ.

ಸೇನರಾಜನ ಕಾಲ ಸುಖದ ಕಾಲವಾಗಿರಲಿಲ್ಲ. ಪಾಂಡ್ಯರ ಶ್ರೀಮಾರ ಶ್ರೀವಲ್ಲಭನು ದಂಡೆತ್ತಿ ಬಂದು ಅನುರಾಧಪುರವನ್ನು ಸೂರೆಗೊಂಡನು. ವಿಹಾರಗಳಲ್ಲಿದ್ದ ಬಂಗಾರದ ಬುದ್ಧ ವಿಗ್ರಹಗಳೂ ರತ್ನಗಳೂ ಮಧುರೆಯ ಪಾಲಾದವು. ಅವನ್ನು ಮರಳಿ ತರಲು ಮುಂದಿನ ಅರಸ ಎರಡನೆಯ ಸೇನನು ಮಧುರೆಗೇ ಸೈನ್ಯ ಕಳುಹಿಸಬೇಕಾಯಿತು. ನಗರದ ದೊಡ್ಡ ವಿಹಾರಗಳ ಸಂಪತ್ತೇ ಹೀಗೆ ಶತ್ರುವನ್ನು ಕೈಬೀಸಿ ಕರೆದಿದ್ದ ಕಾಲದಲ್ಲಿ, ಸಂಪತ್ತೇ ಬೇಡವೆಂದ ಭಿಕ್ಷುಗಳ ಮೇಲೆ ಅರಸನ ಗೌರವ ಹರಿದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ‘ಚೂಲವಂಸ’ದ ಪ್ರಕಾರ ಅವನು ಆ ವಿಹಾರಕ್ಕೆ ಹೇರಳವಾದ ಉತ್ಪತ್ತಿಯನ್ನು ಬಿಟ್ಟುಕೊಟ್ಟನು, ರಾಜೋಚಿತವಾದ ಉಪಕರಣಗಳನ್ನೂ ಸೇವಕರನ್ನೂ ಕೆಲಸದಾಳುಗಳನ್ನೂ ಒದಗಿಸಿದನು. ತಿಪ್ಪೆಯ ಬಟ್ಟೆ ಉಡುವವರಿಗೆ ರಾಜೋಚಿತವಾದ ಉಪಕರಣ! ಈ ವಾಕ್ಯವನ್ನು ಓದಿದಂದಿನಿಂದ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕುಳಿತಿದ್ದಿತು. ಆ ಭಿಕ್ಷುಗಳು ಸೋತರೇ, ಅರಸ ಗೆದ್ದನೇ, ಅಥವಾ ನಾವು ತಿಳಿದುಕೊಂಡಿರುವ ವೈರಾಗ್ಯದ ಅರ್ಥವೇ ಬೇರೆಯೇ ಎಂಬುದು ನನ್ನ ಪ್ರಶ್ನೆ.

ಹಬರಣ ಎಂಬ ಪುಟ್ಟ ಪೇಟೆಯಿಂದ ಅನುರಾಧಪುರದ ರಸ್ತೆ ಹಿಡಿದು, ಸ್ವಲ್ಪ ದೂರ ಹೋದ ಮೇಲೆ ಕವಲು ದಾರಿಗೆ ತಿರುಗಬೇಕು. ಬಸ್ಸು ಅಲ್ಲಿಗೇ ಮುಗಿಯಿತು, ಮುಂದೆ ಆಟೋರಿಕ್ಷಾ. ಗದ್ದೆಗಳು, ಕೆರೆಯ ಏರಿ, ಮತ್ತೆ ಗದ್ದೆ, ಆಮೇಲೆ ಕಾಡು. ಹಾದಿಯ ಮೇಲೆ ಆನೆಯ ಲದ್ದಿ ಕಂಡು ಚಾಲಕ ಗಾಡಿಯನ್ನು ನಿಧಾನ ಮಾಡಿ ಎರಡು ಕಡೆಯೂ ನೋಡಿದ. 1941ರಲ್ಲಿ ಈ ಬೆಟ್ಟವನ್ನು ಕಟ್ಟುನಿಟ್ಟಿನ ರಕ್ಷಿತಾರಣ್ಯವೆಂದು ಘೋಷಿಸಲಾಯಿತು. ಆದ್ದರಿಂದ ನೆತ್ತಿಯವರೆಗೆ ಹೋಗಲು ಎಲ್ಲರಿಗೂ ಅನುಮತಿಯಿಲ್ಲ. ಕೆಳಗಿನ ಇಳಿಜಾರಿನಲ್ಲಿರುವ ಪಾಳುಬಿದ್ದ ಕಟ್ಟಡಗಳನ್ನು ಮಾತ್ರ ನೋಡಬಹುದು. ಹತ್ತಿರದ ಹಳ್ಳಿಯ ತರುಣನೊಬ್ಬ ದಾರಿ ತೋರಿಸಲು ಜೊತೆಗೆ ಬಂದ. ಅವನಿಗೆ ಸಿಂಹಳ, ನನಗೆ ಕನ್ನಡ. ನಡುವೆ ಇಬ್ಬರಿಗೂ ಅಷ್ಟಷ್ಟು ಬರುವ ಇಂಗ್ಲಿಷು ಸೇತುವೆಯಾಯಿತು.

ಮೊದಲು ಸಿಕ್ಕಿದ್ದು ‘ಬಂಡ ಪೊಕುಣ’ ಎಂಬ ಕೊಳ. ಪೊಕುಣವೆಂದರೆ ನಮ್ಮ ಪುಷ್ಕರಣಿಯೇ. ಬೆಟ್ಟದಿಂದಿಳಿವ ಹಳ್ಳಕ್ಕೆ ಅಡ್ಡಗಟ್ಟಿ, ಹಲವು ಮೂಲೆಗಳ ಆಕಾರದಲ್ಲಿ, ಸುತ್ತಲೂ ಕಲ್ಲಿನ ಮೆಟ್ಟಿಲುಗಳನ್ನಿಟ್ಟು ಕಟ್ಟಿದ ವಿಶಾಲವಾದ ಜಲಾಶಯ ಅದು. ನಾನು ಹೋದಾಗ ನೀರಿರಲಿಲ್ಲ. ತಳದಲ್ಲಿ ಹುಲ್ಲು ಬೆಳೆದಿದ್ದಿತು. ಮೆಟ್ಟಿಲುಗಳ ಸಂದಿಯಿಂದ ಮರಗಳು ತಲೆಯೆತ್ತಿದ್ದವು. ಆದರೂ ಅಂಚಿನ ಮೇಲೆ ನಿಂತು ಸುತ್ತ ನೋಡಿದರೆ, ಇದನ್ನು ಯೋಚಿಸಿದ ತಲೆ ಸಾಮಾನ್ಯವಾದದ್ದಲ್ಲವೆಂದು ತಿಳಿಯುತ್ತದೆ. ಕೆರೆ ಕಟ್ಟುವುದರಲ್ಲಿ ಸಿಂಹಳದವರು ಪ್ರಾಚೀನ ಜಗತ್ತಿನ ಅಗ್ರಗಣ್ಯರು. ಆ ವಿದ್ಯೆಯೆಲ್ಲವೂ ಇಲ್ಲಿ ಕೆಲವರು ಭಿಕ್ಷುಗಳ ಸ್ನಾನಪಾನಗಳಿಗಾಗಿ ವಿನಿಯೋಗವಾಗಿದೆ.

ಕೊಳವನ್ನು ಬಳಸಿಕೊಂಡು ಮೇಲಕ್ಕೆ ಹೋದರೆ ಕಡಿದಾದ ಸೋಪಾನ. ಹಳ್ಳದ ಮೇಲೆ ಕಲ್ಲಿನ ಕಾಲುಸಂಕ. ಮುಂದೆ ಒಂದು ಕಟ್ಟಡದ ಅಡಿಪಾಯ ಸಿಗುತ್ತದೆ. ನಡುವೆ ನೆಲಕ್ಕಿಂತ ತಗ್ಗಾದ ಚೌಕಾಕಾರದ ತೊಟ್ಟಿ. ಪಕ್ಕದಲ್ಲಿ ಅರೆಯುವ ಕಲ್ಲು. ವಿದ್ವಾಂಸರು ಇದನ್ನು ‘ಜಂತಾಘರ’, ಅಂದರೆ ಬಿಸಿನೀರಿನ ಸ್ನಾನಗೃಹ, ಎಂದು ಗುರುತಿಸಿದ್ದಾರೆ. ಬೇರು ನಾರುಗಳನ್ನು ಅರೆದು ಔಷಧ ಮಾಡುತ್ತಿದ್ದ ವೈದ್ಯಶಾಲೆಯೆಂದು ಹೇಳುವವರೂ ಉಂಟು. ದೇಹವನ್ನು ದಂಡಿಸುವವರಿಗೂ ಮೈಕೈ ನೋವು ತಪ್ಪಿದ್ದಲ್ಲ. ಅರೆಯುವ ಕಲ್ಲಿನ ನುಣುಪನ್ನು ಮುಟ್ಟಿ ನೋಡಿದಾಗ, ಗ್ರಂಥದ ಪಾಂಸುಕೂಲಿಕರು ನನಗೆ ಮೊದಲ ಬಾರಿ ಕೆಮ್ಮು ಜ್ವರಗಳಿದ್ದ ಮನುಷ್ಯರಾಗಿ ಕಂಡರು.

ಅಲ್ಲಿಂದ ಮುಂದೆ ಈ ತಾಣದ ನಿಜವಾದ ಸೊಬಗು ಆರಂಭವಾಗುತ್ತದೆ. ಚೆನ್ನಾಗಿ ಕಡೆದ ಚಪ್ಪಡಿಗಳನ್ನು ಹಾಸಿದ, ಸುಮಾರು ಐದಡಿ ಅಗಲದ ದಾರಿಯೊಂದು ಮರಗಳ ನಡುವೆ ಏರುತ್ತ ಹೋಗುತ್ತದೆ. ನಡುನಡುವೆ ಅದು ಅರಳಿ ವರ್ತುಲಾಕಾರದ ಕಟ್ಟೆಯಾಗುತ್ತದೆ. ಮತ್ತೆ ಕಿರಿದಾಗಿ ಮುಂದುವರಿಯುತ್ತದೆ. ದಾರಿಯ ಅಕ್ಕಪಕ್ಕದಲ್ಲಿ ಪಾಂಸುಕೂಲಿಕರ ಕಟ್ಟಡಗಳ ಅಧಿಷ್ಠಾನಗಳು. ಅವೆಲ್ಲವೂ ಹೆಚ್ಚುಕಡಿಮೆ ಒಂದೇ ಮಾದರಿಯವು: ಪೂರ್ವಪಶ್ಚಿಮವಾಗಿ ಎರಡು ಎತ್ತರದ ಜಗಲಿಗಳು, ಎರಡನ್ನೂ ಕೂಡಿಸುವ ಒಂದೇ ಕಲ್ಲಿನ ಸಂಕ. ಒಂದು ಜಗಲಿಯ ಮೇಲೆ ಮಾಡು ಇದ್ದಿತು, ಇನ್ನೊಂದು ಬಯಲಾಗಿದ್ದಿತು ಎಂದು ತಜ್ಞರು ಊಹಿಸುತ್ತಾರೆ. ಒಳಗೆ ಕುಳಿತು ಧ್ಯಾನ, ಹೊರಗೆ ನಡೆದಾಡುತ್ತ ಧ್ಯಾನ. ‘ಪಧಾನಘರ’ವೆಂದು ಇವಕ್ಕೆ ಹೆಸರು, ಸಾಧನೆಯ ಮನೆ ಎಂದು ಹೇಳಬಹುದು. ಅಡಿಪಾಯದ ಗೋಡೆಗೆ ಜೋಡಿಸಿದ ಕಲ್ಲುಗಳು ಬಹಳ ದೊಡ್ಡವು. ಅವುಗಳ ಮೇಲೆ ಒಂದು ಹೂವಿಲ್ಲ, ಬಳ್ಳಿಯಿಲ್ಲ, ಹಂಸವಿಲ್ಲ. ಅನುರಾಧಪುರದ ಮೆಟ್ಟಿಲುಗಳ ಬುಡದಲ್ಲಿ ಕಾಣುವ ಚಂದ್ರಶಿಲೆಗಳನ್ನೂ ದ್ವಾರಪಾಲಕರನ್ನೂ ಹಿಂದಿನ ದಿನವಷ್ಟೇ ನೋಡಿ ಬಂದಿದ್ದ ನನಗೆ ಈ ಬೋಳುತನ ಎದ್ದು ಕಂಡಿತು.

ಇಲ್ಲದಿರುವುದರ ಪಟ್ಟಿ ಇನ್ನೂ ಉದ್ದವಾದದ್ದು. ಇಲ್ಲಿ ಸ್ತೂಪವಿಲ್ಲ. ಬುದ್ಧನ ವಿಗ್ರಹವಿಲ್ಲ. ಬೋಧಿವೃಕ್ಷದ ಕಟ್ಟೆಯಿಲ್ಲ. ಸಿಂಹಳದ ಯಾವ ವಿಹಾರಕ್ಕೂ ಪ್ರಾಣವೆನಿಸಿದ ಈ ಮೂರನ್ನೂ ಬಿಟ್ಟು ಇವರು ವಿಹಾರ ಕಟ್ಟಿಕೊಂಡರು. ನಾವು ಮೇಲಿನ ಜಗಲಿಯ ಬಳಿ ನಿಂತಿದ್ದಾಗ ಒಂದು ಸಂಸಾರ ಏರಿ ಬಂದಿತು. ಬಿಳಿಯ ಸೀರೆಯುಟ್ಟ ಅಜ್ಜಿಯ ಕೈಯಲ್ಲಿ ನೈದಿಲೆಯ ಹೂಗಳಿದ್ದವು. ಆಕೆ ಎರಡು ಜಗಲಿಗಳನ್ನೂ ಸುತ್ತಿದರು, ಆ ಕಡೆ ಈ ಕಡೆ ನೋಡಿದರು, ನಮ್ಮ ತರುಣನನ್ನು ಏನೋ ಕೇಳಿದರು. ಅವನು ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಹೂ ಎಲ್ಲಿ ಇಡಲಿ ಅಂತ ಕೇಳುತ್ತಾರೆ ಸರ್, ಇಲ್ಲಿ ಇಡುವ ಜಾಗ ಇಲ್ಲ” ಎಂದ. ಅಜ್ಜಿ ಒಂದು ಗಳಿಗೆ ಸುಮ್ಮನೆ ನಿಂತು, ಹೂಗಳನ್ನು ಸಂಕದ ಕಲ್ಲಿನ ತುದಿಯಲ್ಲಿಟ್ಟು ಕೈಮುಗಿದರು.

ನನಗೆ ನಮ್ಮ ಕದ್ರಿಯ ನೆನಪಾಯಿತು. 968ರಲ್ಲಿ ಆಳುಪರ ಕುಂದವರ್ಮನು ಅಲ್ಲಿನ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಆ ಕಂಚಿನ ಮೂರ್ತಿಯ ಪೀಠದ ಶಾಸನ ಹೇಳುತ್ತದೆ. ಮೂರು ಮುಖ, ಆರು ಕೈಗಳ ಆ ಭವ್ಯ ವಿಗ್ರಹ ಇಂದಿಗೂ ಮಂಜುನಾಥನ ಗುಡಿಯಲ್ಲಿದೆ. ಬೌದ್ಧಧರ್ಮ ಕರಾವಳಿಯಿಂದ ಮರೆಯಾದ ಮೇಲೆಯೂ ಅದಕ್ಕೆ ಕೈಮುಗಿಯುವವರು ಇದ್ದೇ ಇದ್ದಾರೆ. ವಿಗ್ರಹ ಇದ್ದಲ್ಲಿ ಧರ್ಮ ಬದಲಾದರೂ ಭಕ್ತಿ ಉಳಿಯುತ್ತದೆ. ರಿಟಿಗಲದವರು ತಮ್ಮ ತರುವಾಯ ಬರುವ ಅಜ್ಜಿಗೆ ಹೂವಿಡಲು ಅಂಗೈಯಗಲ ಜಾಗವನ್ನೂ ಬಿಡಲಿಲ್ಲ. ಇದು ನಿಷ್ಠುರ ಎನ್ನಿಸಿತು. ಅದೇ ಗಳಿಗೆಯಲ್ಲಿ ಇದರ ಪ್ರಾಮಾಣಿಕತೆಯ ಮುಂದೆ ತಲೆಯೂ ಬಾಗಿತು.

ಈ ಕಾಡಿನ ವಿಹಾರಗಳಲ್ಲಿ ಕೆತ್ತನೆಯೇ ಇಲ್ಲವೆಂದಲ್ಲ. ಒಂದು ಕಡೆ ಇದೆ. ಎಲ್ಲಿ ಎಂದರೆ ಮೂತ್ರದ ಕಲ್ಲಿನ ಮೇಲೆ! ಅನುರಾಧಪುರದ ಪಶ್ಚಿಮಕ್ಕಿರುವ ಇದೇ ಸಂಪ್ರದಾಯದ ವಿಹಾರಗಳಲ್ಲಿ ಇಂಥ ಕಲ್ಲುಗಳ ಮೇಲೆ ಸಿರಿವಂತ ಸೌಧಗಳ ಮುಖಮಂಟಪಗಳನ್ನು ಬಹು ನಾಜೂಕಾಗಿ ಕೊರೆದಿದ್ದಾರೆ. ನಗರದ ವಿಹಾರಗಳ ವೈಭವದ ಮೇಲೆ ತಮಗಿದ್ದ ತಿರಸ್ಕಾರವನ್ನು ತಪಸ್ವಿಗಳು ದಿನಕ್ಕೆ ಹಲವು ಬಾರಿ ಹೀಗೆ ತೋರಿಸುತ್ತಿದ್ದರೆಂದು ಅನೇಕರ ವ್ಯಾಖ್ಯಾನ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಒಪ್ಪಿದರೆ, ಈ ಮೌನವ್ರತಿಗಳಿಗೆ ಹಾಸ್ಯಪ್ರಜ್ಞೆಯೂ ಇದ್ದಿತೆಂದು ಸಂತೋಷಪಡಬಹುದು. ಜೊತೆಗೆ ತಿರಸ್ಕಾರವೂ ಒಂದು ಬಗೆಯ ನಂಟೇ ಎಂಬುದನ್ನು ನೆನೆಯಬಹುದು. ಎರಡನೆಯ ಸೇನನ ಆಳ್ವಿಕೆಯ ಇಪ್ಪತ್ತನೆಯ ವರ್ಷದಲ್ಲಿ, ಅಂದರೆ 873ರ ಸುಮಾರಿಗೆ, ಪಾಂಸುಕೂಲಿಕರು ಅಭಯಗಿರಿ ವಿಹಾರದಿಂದ ಬೇರೆಯಾಗಿ ಹೊರಟರೆಂದು ‘ಚೂಲವಂಸ’ ಹೇಳುತ್ತದೆ. ಆ ಒಡಕಿನ ಹಿಂದಿನ ಬೇಗುದಿ ಕಲ್ಲಿನ ಮೇಲೂ ಮೂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಆ ದಾರಿಯಲ್ಲಿ ಏರಿಳಿದ ಮೇಲೆ ನನಗೆ ತೋರಿದ್ದು ಇದು: ಸೇನರಾಜನ ದಾನದಲ್ಲಿ ಎರಡು ಪಕ್ಷಗಳ ಹಟವೂ ಸೇರಿದೆ. ಕೊಡಲೇಬೇಕೆಂಬುದು ಅರಸನ ಹಟ. ಕೊಡದಿದ್ದರೆ ಅವನಿಗೆ ಪುಣ್ಯವಿಲ್ಲ, ಪ್ರಜೆಗಳ ಮುಂದೆ ಹಿರಿಮೆಯೂ ಇಲ್ಲ. ತಪಸ್ವಿಗಳು ಬೇಡವೆಂದಷ್ಟೂ ಅವರಿಗೆ ಕೊಡುವ ದಾನದ ಬೆಲೆ ಏರುತ್ತದೆ. ಭಿಕ್ಷುಗಳ ಹಟ ಕಟ್ಟಡದ ರೂಪದಲ್ಲಿ ಕಾಣುತ್ತದೆ. ಕಲ್ಲು ಅರಸನದು, ಕಲ್ಲಿನ ಮೇಲಿನ ಶೂನ್ಯ ಅವರದು. ಅರಸನ ಶಿಲ್ಪಿಗಳಿಗೆ ಹೂಬಳ್ಳಿ ಕೆತ್ತಲು ಬರುತ್ತಿರಲಿಲ್ಲವೇ? ಬರುತ್ತಿದ್ದಿತು, ಅದನ್ನು ಬೇಡವೆಂದು ತಡೆದವರು ಯಾರೋ ಇದ್ದಿರಬೇಕು. ಮಳೆಗೆ ಮಾಡು, ಸ್ನಾನಕ್ಕೆ ನೀರು, ಕಾಲಿಗೆ ದಾರಿ. ಇಷ್ಟನ್ನು ಒಪ್ಪಿ ಉಳಿದದ್ದನ್ನು ಹಿಂದಕ್ಕೆ ಕಳುಹಿಸಿದರೆಂದು ನಾನು ಊಹಿಸುತ್ತೇನೆ. ಆದರೆ ಬಂಡೆಗಳನ್ನು ಎಳೆದು ತಂದವರ ಬೆವರನ್ನು ಹಿಂದಕ್ಕೆ ಕಳುಹಿಸಲು ಯಾವ ವ್ರತದಿಂದಲೂ ಸಾಧ್ಯವಾಗದು. ಒಬ್ಬನ ತ್ಯಾಗಕ್ಕೆ ಹತ್ತು ಮಂದಿಯ ದುಡಿಮೆ ಆಧಾರವಾಗುವುದು ಸಿಂಹಳದಲ್ಲಿ ಮಾತ್ರ ನಡೆದ ಸಂಗತಿಯಲ್ಲ. ನಮ್ಮ ಬಸದಿ, ಮಠ, ಅಗ್ರಹಾರಗಳ ದಾನಶಾಸನಗಳನ್ನು ಓದುವಾಗಲೂ ಕೊಟ್ಟವನನ್ನು ಮೆಚ್ಚುತ್ತೇವೆ, ಪಡೆದವನನ್ನು ವಂದಿಸುತ್ತೇವೆ. ಗದ್ದೆ ಉತ್ತವನನ್ನು ಮರೆಯುತ್ತೇವೆ. ರಿಟಿಗಲದ ಬೋಳುಗೋಡೆಯ ಮುಂದೆ ಅವನನ್ನು ಮರೆಯುವುದು ಕಷ್ಟ. ನೋಡಲು ಅಲ್ಲಿ ಅವನ ಕೆಲಸದ ವಿನಾ ಬೇರೇನೂ ಇಲ್ಲ.

ಈ ವಿಹಾರ ಹೆಚ್ಚು ಕಾಲ ಬಾಳಲಿಲ್ಲ. ಹತ್ತನೆಯ ಶತಮಾನದ ಕೊನೆಗೆ ಐದನೆಯ ಮಹಿಂದನು ಸೈನಿಕರಿಗೆ ಸಂಬಳ ಕೊಡಲಾರದೆ ರಾಜಧಾನಿಯನ್ನು ಬಿಟ್ಟು ದಕ್ಷಿಣದ ರೋಹಣಕ್ಕೆ ಓಡಿದನು. ಆಗ ಕೇರಳರೂ ಸಿಂಹಳರೂ ‘ಕಣ್ಣಾಟ’ರೂ ಮನಬಂದಂತೆ ಆಡಳಿತ ನಡೆಸಿದರೆಂದು ‘ಚೂಲವಂಸ’ ಬರೆಯುತ್ತದೆ. ಕಣ್ಣಾಟರೆಂದರೆ ಕನ್ನಡ ನಾಡಿನಿಂದ ಕೂಲಿಗೆ ಹೋಗಿದ್ದ ಯೋಧರು. ಅನ್ಯರ ಚರಿತ್ರೆಯಲ್ಲಿ ನಮ್ಮ ಹೆಸರನ್ನು ಕಂಡರೆ ಹಿಗ್ಗುವುದು ನಮಗೆ ಅಭ್ಯಾಸ. ಇಲ್ಲಿ ಹಿಗ್ಗುವಂಥದೇನೂ ಇಲ್ಲ. ಆ ಗೊಂದಲವೇ ಚೋಳರಿಗೆ ಬಾಗಿಲು ತೆರೆಯಿತು. ರಾಜರಾಜನ ಸೈನ್ಯ 993ರಲ್ಲಿ ಉತ್ತರ ಸಿಂಹಳವನ್ನು ಹಿಡಿಯಿತು. 1017ರಲ್ಲಿ ಮಹಿಂದನೇ ಸೆರೆಯಾದನು. ಅನುರಾಧಪುರ ಬರಿದಾದ ಮೇಲೆ ಅದರ ನೆರಳಿನಲ್ಲಿದ್ದ ಕಾಡಿನ ವಿಹಾರವೂ ಬರಿದಾಯಿತು. ಊರು ಅಳಿದರೆ ಐನೂರು ಬಿಲ್ಲಿನಾಚೆಯ ಅರಣ್ಯವಾಸಿಗೆ ಭಿಕ್ಷೆ ಎಲ್ಲಿಂದ ಬರಬೇಕು? ಮುಂದೆ ಚೋಳರನ್ನು ಓಡಿಸಿದ ವಿಜಯಬಾಹು ಕರ್ನಾಟಕದ ಅರಸನಿಗೆ ಕಾಣಿಕೆಯೊಡನೆ ದೂತರನ್ನು ಕಳುಹಿಸಿದನು. ಆ ಅರಸ ಆರನೆಯ ವಿಕ್ರಮಾದಿತ್ಯನೆಂದು ವಿದ್ವಾಂಸರ ಅಭಿಪ್ರಾಯ. ದಾರಿಯಲ್ಲಿ ಚೋಳರು ಆ ದೂತರ ಕಿವಿಮೂಗುಗಳನ್ನು ಕೊಯ್ದರು. ರಾಜ್ಯಗಳ ಈ ಕೋಲಾಹಲ ನಡೆಯುತ್ತಿದ್ದಾಗ ರಿಟಿಗಲದ ಜಗಲಿಗಳ ಮೇಲೆ ಮರಗಳು ಬೇರೂರುತ್ತಿದ್ದವು.

ಎಂಟು ನೂರು ವರ್ಷ ಹೊರಗಿನವರು ಯಾರೂ ಅತ್ತ ತಲೆಹಾಕಲಿಲ್ಲ. 1872ರಲ್ಲಿ ಮ್ಯಾಂಟೆಲ್ ಎಂಬ ಮೋಜಣಿ ಅಧಿಕಾರಿ ಪಾಳುಕಟ್ಟಡಗಳನ್ನು ಕಂಡನು. 1887ರಲ್ಲಿ ಪೆರಾದೇನಿಯ ಸಸ್ಯೋದ್ಯಾನದ ಹೆನ್ರಿ ಟ್ರೈಮೆನ್ ಗಿಡಗಳನ್ನು ಹುಡುಕಿಕೊಂಡು ಬೆಟ್ಟವೇರಿದನು. 1893ರಲ್ಲಿ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥನಾಗಿದ್ದ ಎಚ್.ಸಿ.ಪಿ. ಬೆಲ್ ಕಾಡು ಸವರಿಸಿ, ಅಳತೆ ತೆಗೆದು, ವಿವರವಾದ ವರದಿ ಬರೆದನು. ಅರಣ್ಯವಾಸದ ಸಂಪ್ರದಾಯವೂ ಸಿಂಹಳದಿಂದ ಪೂರ್ತಿ ಅಳಿದಿಲ್ಲ. ಕಡವೆದ್ದುವೆ ಜಿನವಂಸ ಎಂಬ ಸ್ಥವಿರರು 1951ರಲ್ಲಿ ಸ್ಥಾಪಿಸಿದ ಯೋಗಾಶ್ರಮ ಸಂಸ್ಥೆಯ ಭಿಕ್ಷುಗಳು ಅಲ್ಲಿನ ಹಲವು ಕಾಡುಗಳಲ್ಲಿ ಇಂದಿಗೂ ಧ್ಯಾನನಿರತರಾಗಿದ್ದಾರೆ.

ಇಡೀ ಬೆಟ್ಟದಲ್ಲಿ ಪಾಂಸುಕೂಲಿಕರಲ್ಲೊಬ್ಬನ ಮುಖವನ್ನೂ ಯಾರೂ ಕಡೆದಿಟ್ಟಿಲ್ಲ. ಕಟ್ಟಿಸಿದ ಅರಸನ ಹೆಸರು ಗ್ರಂಥದಲ್ಲಿದೆ, ಕಂಡುಹಿಡಿದ ಅಧಿಕಾರಿಗಳ ಹೆಸರು ವರದಿಯಲ್ಲಿದೆ. ಹೆಸರನ್ನು ಬಯಸದಿರುವುದೇ ಯಾರ ವ್ರತವೋ ಅವರನ್ನು ಚರಿತ್ರಕಾರ ಏನೆಂದು ಬರೆಯಬೇಕು? ಇದಕ್ಕೆ ಒಂದು ಉತ್ತರ ಸಿಂಹಳದ ಗವಿಗಳಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಮಳೆನೀರು ಒಳಕ್ಕೆ ಹರಿಯದಂತೆ ಗವಿಯ ನೆತ್ತಿಯ ಬಂಡೆಗೆ ಅಡ್ಡಲಾಗಿ ಒಂದು ಗೆರೆ ಕೊರೆಯುತ್ತಿದ್ದರು. ಆ ಗೆರೆಯ ಕೆಳಗೆ, ನಮ್ಮ ಬ್ರಹ್ಮಗಿರಿ ಮಸ್ಕಿಗಳ ಅಶೋಕಶಾಸನಗಳಲ್ಲಿ ಕಾಣುವ ಬ್ರಾಹ್ಮೀ ಲಿಪಿಯಲ್ಲಿಯೇ, ದಾನದ ಬರಹವಿರುತ್ತದೆ. ದ್ವೀಪದ ತುಂಬ ಇರುವ ಇಂಥ ನೂರಾರು ಬರಹಗಳಲ್ಲಿ ಗವಿಯನ್ನು ಕೊಟ್ಟವನ ಹೆಸರಿರುತ್ತದೆ. ಪಡೆದವನ ಹೆಸರಿನ ಜಾಗದಲ್ಲಿ ಬರೆದಿರುವುದು ಸಾಮಾನ್ಯವಾಗಿ ಒಂದೇ: ನಾಲ್ಕು ದಿಕ್ಕುಗಳಿಂದ ಬಂದಿರುವ ಮತ್ತು ಇನ್ನು ಬರಲಿರುವ ಸಂಘಕ್ಕೆ.